ಟೈ ಅಂಗಡಿಯಿಂದ ಹೆಗೆಲ್ ಮನೆ ಬಾಗಿಲಿಗೆ

ಜಾನ್ ಎಂಬೊಬ್ಬ ಟೈ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಬಣ್ಣಗಳ ಹೆಸರನ್ನೆಲ್ಲ ಹಗಲು ಬೆಳಕಿನಲ್ಲೇ ಕಲಿತವನು. ಒಂದು ದಿನ ಅಂಗಡಿಗೆ ಹೊಸದಾಗಿ ವಿದ್ಯುತ್ ದೀಪ ಬರುತ್ತದೆ. ನೆರೆಯವನಾದ ಜಿಮ್ ಒಳಗೆ ಬಂದಾಗ ಜಾನ್ ಒಂದು ಟೈ ಎತ್ತಿ ತೋರಿಸಿ ಇದು ಹಸಿರು ಎನ್ನುತ್ತಾನೆ. ಅದನ್ನು ಬೀದಿಗೆ ಒಯ್ದು ಬಿಸಿಲಿಗೆ ಹಿಡಿದರೆ ನೀಲಿ! ನಾಲ್ಕಾರು ಸಲ ಹೀಗಾದ ಮೇಲೆ ಜಾನ್‌ನ ಮಾತಿನ ಧಾಟಿ ಬದಲಾಗುತ್ತದೆ. ದೀಪದ ಕೆಳಗೆ ನಿಂತಾಗ 'ಇದು ಹಸಿರು' ಎನ್ನುವುದನ್ನು ಬಿಟ್ಟು, 'ಇದು ಹಸಿರಾಗಿ ಕಾಣುತ್ತಿದೆ' ಎನ್ನಲು ಕಲಿಯುತ್ತಾನೆ.

ಈ ಪುಟ್ಟ ಕಥೆ ಕಟ್ಟಿದವರು ಅಮೆರಿಕದ ತತ್ತ್ವಜ್ಞ ವಿಲ್ಫ್ರಿಡ್ ಸೆಲ್ಲರ್ಸ್. 1956ರಲ್ಲಿ ಅವರು ಲಂಡನ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಮೂರು ಉಪನ್ಯಾಸಗಳಿಂದ ಹುಟ್ಟಿದ 'ಅನುಭವವಾದ ಮತ್ತು ಮನಸ್ಸಿನ ತತ್ತ್ವಶಾಸ್ತ್ರ' ಎಂಬ ಪ್ರಬಂಧದಲ್ಲಿ ಇದು ಬರುತ್ತದೆ. ಕಥೆ ಸರಳ, ಅದು ಕೊಡುವ ಪೆಟ್ಟು ದೊಡ್ಡದು. ಯಾವುದು ಹೇಗೆ 'ಕಾಣುತ್ತದೆ' ಎಂಬುದರಲ್ಲಿ ಯಾರೂ ತಪ್ಪುವಂತಿಲ್ಲ, ಆ ಗಟ್ಟಿ ನೆಲದ ಮೇಲೆ ನಿಂತೇ ಮನುಷ್ಯ ವಸ್ತು ಹೇಗೆ 'ಇದೆ' ಎಂಬ ತೀರ್ಮಾನಕ್ಕೆ ಏರುತ್ತಾನೆ ಎಂದು ತತ್ತ್ವಜ್ಞರು ಬಹುಕಾಲ ನಂಬಿದ್ದರು. ಸೆಲ್ಲರ್ಸ್ ಇದನ್ನು ತಿರುವುಮುರುವು ಮಾಡಿದರು. 'ಹಸಿರಾಗಿ ಕಾಣುತ್ತಿದೆ' ಎನ್ನಬೇಕಾದರೆ 'ಹಸಿರಾಗಿದೆ' ಎಂದರೇನು ಎಂಬುದು ಮೊದಲೇ ಗೊತ್ತಿರಬೇಕು. ಯಾವ ಬೆಳಕನ್ನು ನಂಬಬಹುದು, ಯಾವಾಗ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂಬುದೂ ಗೊತ್ತಿರಬೇಕು. ತೀರಾ ಸಣ್ಣ ಅನುಭವದ ವರದಿಯೂ ಇಡೀ ಒಂದು ತಿಳಿವಳಿಕೆಯ ಮನೆಯೊಳಗಿಂದಲೇ ಹೊರಡುತ್ತದೆ.

ಯಾವ ಕಲಿಕೆಯ ಹಂಗೂ ಇಲ್ಲದೆ ನೇರವಾಗಿ ಕೈಗೆ ಬಂದು, ಉಳಿದೆಲ್ಲ ಅರಿವಿಗೂ ಅಡಿಪಾಯವಾಗುವ ಅನುಭವವೊಂದಿದೆ ಎಂಬ ನಂಬಿಕೆಗೆ ಸೆಲ್ಲರ್ಸ್ ಕೊಟ್ಟ ಹೆಸರನ್ನು ಕನ್ನಡದಲ್ಲಿ 'ದತ್ತದ ಮಿಥ್ಯೆ' ಎನ್ನಬಹುದು. ಆ ಪ್ರಬಂಧದ ಮೊದಲ ಭಾಗದಲ್ಲೇ ಅವರು ಒಬ್ಬ ಹಳೆಯ ಜರ್ಮನ್ ತತ್ತ್ವಜ್ಞನ ಹೆಸರನ್ನು ಗೌರವದಿಂದ ಎತ್ತಿದ್ದರು: ಹೆಗೆಲ್. ಅಂದಿನ ಇಂಗ್ಲಿಷ್ ತತ್ತ್ವಶಾಸ್ತ್ರ ವಲಯದಲ್ಲಿ ಅದು ಸುಲಭವಾಗಿ ಆಡುವ ಹೆಸರಾಗಿರಲಿಲ್ಲ. ಹೆಗೆಲ್‌ನನ್ನು ಹೊರಗಟ್ಟಿಯೇ ಆ ವಲಯ ಹುಟ್ಟಿತ್ತು.

ಹಾಲು ಉಕ್ಕಿದ್ದು ಏಕೆ?

ಕಥೆಯ ಬೇರು ಇರುವುದು ಬಾಲ್ಟಿಕ್ ಕಡಲ ಬಳಿಯ ಕೋನಿಗ್ಸ್‌ಬರ್ಗ್‌ನಲ್ಲಿ. ಇಂದು ಅದು ರಷ್ಯಾಕ್ಕೆ ಸೇರಿದ ಕಲಿನಿನ್‌ಗ್ರಾದ್. ಕುದುರೆ ಸಜ್ಜು ಮಾಡುವವನ ಮಗನಾಗಿ ಅಲ್ಲಿ ಹುಟ್ಟಿದ ಇಮ್ಯಾನುವೆಲ್ ಕಾಂಟ್ 1781ರಲ್ಲಿ, ತನ್ನ 57ನೇ ವಯಸ್ಸಿನಲ್ಲಿ 'ಶುದ್ಧ ವಿಚಾರದ ವಿಮರ್ಶೆ' ಎಂಬ ಗ್ರಂಥ ಹೊರತಂದ.

ಕಾಂಟ್‌ನನ್ನು ಕಾಡಿದ್ದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಎತ್ತಿದ್ದ ಪ್ರಶ್ನೆ. ಅಡುಗೆಮನೆಯ ಒಂದು ಮಾತನ್ನೇ ತೆಗೆದುಕೊಳ್ಳಬಹುದು: 'ಉರಿ ಜೋರಾಗಿದ್ದರಿಂದ ಹಾಲು ಉಕ್ಕಿತು.' ಉರಿ ಕಣ್ಣಿಗೆ ಕಾಣುತ್ತದೆ, ಉಕ್ಕಿದ ಹಾಲೂ ಕಾಣುತ್ತದೆ. 'ಜೋರಾಗಿದ್ದರಿಂದ' ಎಂಬಲ್ಲಿನ ಆ 'ಇಂದ' ಮಾತ್ರ ಎಲ್ಲೂ ಕಾಣುವುದಿಲ್ಲ. ಹಾಗಾದರೆ ಅದು ಎಲ್ಲಿಂದ ಬಂತು? ಪದೇ ಪದೇ ನೋಡಿದ ಅಭ್ಯಾಸಬಲ ಎಂದ ಹ್ಯೂಮ್. ಕಾಂಟ್‌ಗೆ ಅದು ಸಾಲಲಿಲ್ಲ. ಕಾರಣ ಮತ್ತು ಕಾರ್ಯ ಎಂಬ ಕಟ್ಟು ಮನಸ್ಸಿನ ಕಡೆಯಿಂದ ಬರುತ್ತದೆ, ಅದಿಲ್ಲದೆ ಅನುಭವ ಎಂಬುದೇ ರೂಪುಗೊಳ್ಳುವುದಿಲ್ಲ ಎಂದ. ಇಂದ್ರಿಯ ತರುವ ಸಾಮಗ್ರಿ ಇಲ್ಲದಿದ್ದರೆ ಪರಿಕಲ್ಪನೆಗೆ ಹಿಡಿಯಲು ಏನೂ ಇರುವುದಿಲ್ಲ. ಪರಿಕಲ್ಪನೆ ಇಲ್ಲದಿದ್ದರೆ ಇಂದ್ರಿಯಕ್ಕೆ ತಾನು ಏನನ್ನು ಕಂಡೆನೆಂದು ಹೇಳಲಾಗುವುದಿಲ್ಲ.

ಇಲ್ಲಿಂದ ಹೊರಟ ಧಾರೆಗೆ 'ಐಡಿಯಲಿಸಂ' ಎಂಬ ಹೆಸರು ಬಂತು. ಕನ್ನಡದಲ್ಲಿ ಭಾವನಾವಾದ ಎನ್ನುತ್ತಾರೆ. ಹೆಸರು ಕೇಳಿ ಜಗತ್ತೆಲ್ಲ ಮನಸ್ಸಿನ ಕನಸು ಎಂಬ ವಾದವಿದು ಎಂದುಕೊಳ್ಳುವವರು ಹೆಚ್ಚು. ಕಾಂಟ್ ಅದನ್ನು ಒಪ್ಪುತ್ತಿರಲಿಲ್ಲ. 1787ರ ಎರಡನೇ ಆವೃತ್ತಿಗೆ ಆತ ಸೇರಿಸಿದ ಒಂದು ಭಾಗದ ಹೆಸರೇ 'ಭಾವನಾವಾದದ ಖಂಡನೆ'. ಹೊರಜಗತ್ತು ಇದೆಯೋ ಇಲ್ಲವೋ ಎಂಬುದಕ್ಕಿಂತ, ಅದನ್ನು ಅರಿಯುವುದು ಎಂದರೆ ಏನನ್ನು ಮಾಡಿದಂತೆ ಎಂಬುದು ಅವನ ಪ್ರಶ್ನೆ. ತೀರ್ಮಾನಿಸುವುದು ಎಂದರೆ ಒಂದು ಕೆಲಸ, ಮಾಡಿದವನು ಅದಕ್ಕೆ ಉತ್ತರ ಹೇಳಬೇಕು. ಇದು ಕಾಂಟ್ ಬಿಟ್ಟುಹೋದ ದೊಡ್ಡ ಆಸ್ತಿ.

ಅವನ ನಂತರದ ತಲೆಮಾರು ಆ ಆಸ್ತಿಯನ್ನು ಬೆಳೆಸಿತು. ಫಿಖ್ಟೆ 1794ರಲ್ಲಿ ಯೇನಾ ಪಟ್ಟಣದಲ್ಲಿ ಪಾಠ ಶುರುಮಾಡಿದ. ಟ್ಯೂಬಿಂಗೆನ್ನಿನ ದೇವಶಾಸ್ತ್ರ ಶಾಲೆಯಲ್ಲಿ ಶೆಲಿಂಗ್, ಹೆಗೆಲ್ ಮತ್ತು ಕವಿ ಹೋಲ್ಡರ್ಲಿನ್ ಜೊತೆಯಲ್ಲೇ ಇದ್ದು ಓದಿದರು. 1806ರ ಅಕ್ಟೋಬರಿನಲ್ಲಿ ನೆಪೋಲಿಯನ್ನನ ಸೇನೆ ಯೇನಾಕ್ಕೆ ನುಗ್ಗಿದಾಗ ಹೆಗೆಲ್ ತನ್ನ 'ಚೇತನದ ಪ್ರಕಟರೂಪಶಾಸ್ತ್ರ'ವನ್ನು ಬರೆದು ಮುಗಿಸುತ್ತಿದ್ದ. ಮರುವರ್ಷ ಅದು ಅಚ್ಚಾಯಿತು.

ಆ ಪುಸ್ತಕದ ಮೊದಲ ಅಧ್ಯಾಯ ಟೈ ಅಂಗಡಿಯ ಕಥೆಗೆ ಅಜ್ಜನಿದ್ದಂತೆ. ಹೆಸರು, ವಿವರಣೆ ಏನೂ ಬೇಡ, 'ಇದು', 'ಇಲ್ಲಿ', 'ಈಗ' ಎಂದು ಬೆರಳು ತೋರಿದರೆ ಸಾಕು, ಅದೇ ಅತ್ಯಂತ ಖಚಿತವಾದ ಜ್ಞಾನ ಎನ್ನುವವನೊಬ್ಬನಿದ್ದಾನೆ ಎಂದುಕೊಳ್ಳೋಣ. ಈಗ ರಾತ್ರಿ ಎಂದು ಅವನು ಚೀಟಿಯಲ್ಲಿ ಬರೆದಿಡಲಿ ಎನ್ನುತ್ತಾನೆ ಹೆಗೆಲ್. ಮಧ್ಯಾಹ್ನ ತೆರೆದರೆ ಚೀಟಿಯಲ್ಲಿದ್ದ ಸತ್ಯ ಹಳಸಿರುತ್ತದೆ. 'ಈಗ' ಎಂಬ ಪದ ಎಲ್ಲ ಗಳಿಗೆಗೂ ಒಪ್ಪುತ್ತದೆ, 'ಇದು' ಎಂಬ ಪದ ಎಲ್ಲ ವಸ್ತುವಿಗೂ ಒಪ್ಪುತ್ತದೆ. ಅತ್ಯಂತ ನಿರ್ದಿಷ್ಟವಾದುದನ್ನು ಹಿಡಿದೆನೆಂದುಕೊಂಡವನ ಕೈಯಲ್ಲಿ ಉಳಿದದ್ದು ಅತ್ಯಂತ ಸಾಮಾನ್ಯವಾದ ಪದ.

ಕೇಂಬ್ರಿಡ್ಜಿನ ಬಂಡಾಯ

ಹತ್ತೊಂಬತ್ತನೇ ಶತಮಾನದ ಕೊನೆಗೆ ಹೆಗೆಲ್‌ನ ಪ್ರಭಾವ ಜರ್ಮನಿಗಿಂತ ಇಂಗ್ಲೆಂಡಿನಲ್ಲಿ ಜೋರಾಗಿತ್ತು. ಆಕ್ಸ್‌ಫರ್ಡಿನ ಎಫ್. ಎಚ್. ಬ್ರ್ಯಾಡ್ಲಿ 1893ರಲ್ಲಿ 'ತೋರಿಕೆ ಮತ್ತು ಸತ್ತೆ' ಬರೆದು, ಬಿಡಿಬಿಡಿಯಾಗಿ ಕಾಣುವುದೆಲ್ಲ ತೋರಿಕೆ, ನಿಜವಾಗಿರುವುದು ಒಂದೇ ಅಖಂಡ ಎಂದು ವಾದಿಸಿದರು. ಕೇಂಬ್ರಿಡ್ಜಿನ ಮ್ಯಾಕ್‌ಟ್ಯಾಗರ್ಟ್ ಕಾಲವೇ ನಿಜವಲ್ಲ ಎಂದು 1908ರಲ್ಲಿ ಬರೆದರು. ಈ ಗಾಳಿ ಬ್ರಿಟಿಷ್ ಆಡಳಿತದ ಭಾರತದ ಕಾಲೇಜುಗಳಿಗೂ ಬಂತು. 1918ರಿಂದ 1921ರವರೆಗೆ ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ರಾಧಾಕೃಷ್ಣನ್ 1920ರಲ್ಲಿ ಪ್ರಕಟಿಸಿದ ಸಮಕಾಲೀನ ತತ್ತ್ವಶಾಸ್ತ್ರದ ವಿಮರ್ಶೆಯಲ್ಲಿ ಬರ್ಗ್‌ಸನ್, ವಿಲಿಯಂ ಜೇಮ್ಸ್ ಮುಂತಾದವರನ್ನು ಎದುರಿಸಿ ಪರಬ್ರಹ್ಮದಂಥ ಅಖಂಡ ಸತ್ತೆಯ ಪರವಾಗಿಯೇ ನಿಂತರು.

ಆ ಹೊತ್ತಿಗಾಗಲೇ ಕೇಂಬ್ರಿಡ್ಜಿನಲ್ಲಿ ಬಂಡಾಯ ನಡೆದುಹೋಗಿತ್ತು. ಮೊದಲು ಹೆಗೆಲ್‌ನ ದಾರಿಯಲ್ಲೇ ಇದ್ದ ಬರ್ಟ್ರಂಡ್ ರಸೆಲ್ ಮತ್ತು ಜಿ. ಇ. ಮೂರ್ 1898ರ ಸುಮಾರಿಗೆ ಅದನ್ನು ತೊರೆದರು. ಮೂರ್ 1903ರಲ್ಲಿ ಬರೆದ ಲೇಖನಕ್ಕೆ ಕಾಂಟ್ ಬಳಸಿದ್ದ ಅದೇ ಶೀರ್ಷಿಕೆ ಇಟ್ಟರು, 'ಭಾವನಾವಾದದ ಖಂಡನೆ'. ಎಲ್ಲವನ್ನೂ ಎಲ್ಲದರೊಂದಿಗೆ ಹೆಣೆದು ನೋಡುವ ದೃಷ್ಟಿಯ ಜಾಗಕ್ಕೆ ಅವರು ತಂದದ್ದು ಬಿಡಿಸಿ ನೋಡುವ ವಿಧಾನ: ದೊಡ್ಡ ಪ್ರಶ್ನೆಯನ್ನು ಚಿಕ್ಕ ಚಿಕ್ಕ ಪ್ರಶ್ನೆಗಳಾಗಿ ಒಡೆಯುವುದು, ವಾಕ್ಯದ ತರ್ಕರೂಪವನ್ನು ಬೇರ್ಪಡಿಸುವುದು, ಹೊಸ ಗಣಿತೀಯ ತರ್ಕವನ್ನು ಬಳಸುವುದು. ವಿಶ್ಲೇಷಣಾತ್ಮಕ ತತ್ತ್ವಶಾಸ್ತ್ರ ಎಂಬ ಪರಂಪರೆ ಹೀಗೆ ಮೊಳೆಯಿತು. ಸ್ಪಷ್ಟತೆ ಅದರ ವ್ರತವಾಯಿತು, ಹೆಗೆಲ್‌ನ ಗದ್ಯ ಆ ವ್ರತಭಂಗದ ಮಾದರಿಯಾಯಿತು. 1936ರಲ್ಲಿ ಎ. ಜೆ. ಏಯರ್ ಅರ್ಥಹೀನ ವಾಕ್ಯಕ್ಕೆ ಉದಾಹರಣೆ ಬೇಕಾದಾಗ ಬ್ರ್ಯಾಡ್ಲಿಯ ಪುಸ್ತಕದಿಂದಲೇ ಒಂದನ್ನು ಎತ್ತಿಕೊಂಡರು. 1945ರಲ್ಲಿ ಕಾರ್ಲ್ ಪಾಪರ್, ಮುಕ್ತ ಸಮಾಜದ ಶತ್ರುಗಳ ಸಾಲಿನಲ್ಲಿ ಹೆಗೆಲ್‌ನನ್ನು ನಿಲ್ಲಿಸಿದರು.

ಬಂಡಾಯಕ್ಕೂ ಒಂದು ಅಡಿಪಾಯ ಬೇಕಿತ್ತು. ಅಖಂಡವನ್ನು ಬಿಟ್ಟ ಮೇಲೆ ಅರಿವು ನಿಲ್ಲುವುದು ಯಾವುದರ ಮೇಲೆ? ರಸೆಲ್ ಕೊಟ್ಟ ಉತ್ತರ 'ಇಂದ್ರಿಯದತ್ತ': ಈ ಬಣ್ಣದ ಕಲೆ, ಈ ಸದ್ದು, ಮನಸ್ಸಿಗೆ ನೇರ ಪರಿಚಯವಾಗುವ ತುಣುಕುಗಳು. ಸೆಲ್ಲರ್ಸ್ ಟೈ ಅಂಗಡಿಯಲ್ಲಿ ಕಿತ್ತದ್ದು ಇದೇ ಕಲ್ಲನ್ನು. ಹೆಗೆಲ್‌ನನ್ನು ಓದಿಸದ ಪರಂಪರೆಯೊಂದು ತನ್ನದೇ ಸಾಧನಗಳನ್ನು ಹಿಡಿದು, ತನ್ನದೇ ಪ್ರಶ್ನೆಯ ಬೆನ್ನುಹತ್ತಿ, ಅವನು 1807ರಲ್ಲಿ ನಿಂತಿದ್ದ ಜಾಗಕ್ಕೇ ಬಂದು ತಲುಪಿತ್ತು.

ಭಾರತೀಯ ದರ್ಶನಗಳ ಪರಿಚಯವಿರುವವರಿಗೆ ಈ ಜಗಳ ಅಪರಿಚಿತವಲ್ಲ. ಪ್ರತ್ಯಕ್ಷ ಎಂದರೆ ಕಲ್ಪನೆಯ ಸೋಂಕಿಲ್ಲದ ಅರಿವು ಎಂದ ಬೌದ್ಧ ತಾರ್ಕಿಕ ದಿಙ್ನಾಗ. ಶಬ್ದದ ಹೆಣಿಗೆಯಿಲ್ಲದ ಅರಿವೇ ಇಲ್ಲ ಎಂದ ವೈಯಾಕರಣ ಭರ್ತೃಹರಿ. ಕಲ್ಪನೆ ಬೆರೆಯದ ನಿರ್ವಿಕಲ್ಪಕ, ಕಲ್ಪನೆ ಬೆರೆತ ಸವಿಕಲ್ಪಕ ಎಂಬ ಎರಡು ಮೆಟ್ಟಿಲುಗಳನ್ನು ಮಾಡಿ ನೈಯಾಯಿಕರು ನಡುದಾರಿ ಹುಡುಕಿದರು. 1986ರಲ್ಲಿ ಬಿಮಲ್ ಕೃಷ್ಣ ಮತಿಲಾಲ್ 'ಪ್ರತ್ಯಕ್ಷ'ದ ಬಗ್ಗೆ ಬರೆದ ಇಂಗ್ಲಿಷ್ ಗ್ರಂಥ ಈ ಹಳೆಯ ವಾದಗಳನ್ನು ಇಂದಿನ ವಿಶ್ಲೇಷಣಾತ್ಮಕ ಚರ್ಚೆಯ ಎದುರು ಕೂರಿಸಿತು.

ಗಿಳಿಪಾಠ ಮತ್ತು ಅರಿವು

1963ರಲ್ಲಿ ಸೆಲ್ಲರ್ಸ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದರು. ಮುಂದೆ ಆ ಉಕ್ಕಿನ ನಗರ ಹೆಗೆಲ್ ಮರಳಿ ಬರುವ ಊರಾಯಿತು. 1994ರಲ್ಲಿ ಅಲ್ಲಿನ ಇಬ್ಬರು ಪ್ರಾಧ್ಯಾಪಕರು ಎರಡು ಪುಸ್ತಕ ಹೊರತಂದರು: ಜಾನ್ ಮ್ಯಾಕ್‌ಡವೆಲ್ ಅವರ 'ಮನಸ್ಸು ಮತ್ತು ಜಗತ್ತು', ರಾಬರ್ಟ್ ಬ್ರ್ಯಾಂಡಮ್ ಅವರ 'ಮೇಕಿಂಗ್ ಇಟ್ ಎಕ್ಸ್‌ಪ್ಲಿಸಿಟ್'. ಮ್ಯಾಕ್‌ಡವೆಲ್ ತಮ್ಮ ಸಣ್ಣ ಗ್ರಂಥವನ್ನು ಹೆಗೆಲ್‌ನ ಓದಿಗೆ ಒಂದು ಪೀಠಿಕೆ ಎಂದೇ ಕರೆದುಕೊಂಡರು. ಸೆಲ್ಲರ್ಸ್ ವಿಶ್ಲೇಷಣಾತ್ಮಕ ತತ್ತ್ವಶಾಸ್ತ್ರವನ್ನು ಹ್ಯೂಮ್‌ನ ಘಟ್ಟದಿಂದ ಕಾಂಟ್‌ನ ಘಟ್ಟಕ್ಕೆ ತಂದರು, ಬ್ರ್ಯಾಂಡಮ್ ಅದನ್ನು ಕಾಂಟ್‌ನಿಂದ ಹೆಗೆಲ್ ಕಡೆಗೆ ಒಯ್ಯುತ್ತಿದ್ದಾರೆ ಎಂದು ರಿಚರ್ಡ್ ರಾರ್ಟಿ ಗುರುತಿಸಿದರು.

ಮ್ಯಾಕ್‌ಡವೆಲ್ ಕಂಡ ತೊಡಕು ಹೀಗಿದೆ. ಬರೀ ಇಂದ್ರಿಯದತ್ತ ಯಾವುದಕ್ಕೂ ಸಮರ್ಥನೆಯಾಗಲಾರದು. ಕಲ್ಲು ತಾಗಿದರೆ ನೋವಾಗುತ್ತದೆ, ಆದರೆ ನೋವು ವಾದ ಮಂಡಿಸುವುದಿಲ್ಲ. ಹಾಗೆಂದು ನಂಬಿಕೆಗೆ ನಂಬಿಕೆಯೇ ಆಧಾರ ಎಂದುಬಿಟ್ಟರೆ ಇಡೀ ಚಿಂತನೆ ನೆಲಕ್ಕೆ ತಾಗದೆ ಗಾಳಿಯಲ್ಲಿ ತಿರುಗುವ ಚಕ್ರವಾಗುತ್ತದೆ. ಈ ತೂಗಾಟದಿಂದ ಇಳಿಯಲು ಅವರು ಕಾಂಟ್‌ನ ಕೈ ಹಿಡಿದರು. ರಸ್ತೆ ಒದ್ದೆಯಾಗಿರುವುದನ್ನು ನೋಡುವಾಗ ಪರಿಕಲ್ಪನೆ ಆಮೇಲೆ ಬಂದು ಅಂಟಿಕೊಳ್ಳುವುದಿಲ್ಲ, ನೋಟದೊಳಗೇ ಅದು ಕೆಲಸ ಮಾಡುತ್ತಿರುತ್ತದೆ. ಆದ್ದರಿಂದಲೇ ನೋಡಿದ್ದು 'ಮಳೆ ಬಂದಿರಬೇಕು' ಎಂಬುದಕ್ಕೆ ಕಾರಣವಾಗಿ ನಿಲ್ಲಬಲ್ಲದು.

ಬ್ರ್ಯಾಂಡಮ್ ಹೇಳುವುದನ್ನು ಕನ್ನಡಿಗರು ಒಂದೇ ಪದದಲ್ಲಿ ಹಿಡಿಯಬಲ್ಲರು: ಗಿಳಿಪಾಠ. ಕೆಂಪು ವಸ್ತು ಕಂಡಾಗಲೆಲ್ಲ 'ಇದು ಕೆಂಪು' ಎನ್ನುವಂತೆ ಗಿಳಿಯೊಂದಕ್ಕೆ ಕಲಿಸಬಹುದು. ಮೂರು ವರ್ಷದ ಮಗುವೂ ಅದೇ ಮಾತಾಡುತ್ತದೆ. ವ್ಯತ್ಯಾಸ ಎಲ್ಲಿದೆ? ಗಿಳಿಯ ಕಣ್ಣು ಚುರುಕಾಗಿರಬಹುದು, ಉಚ್ಚಾರ ಸ್ಪಷ್ಟವಾಗಿರಬಹುದು. ಆದರೆ ಕೆಂಪಾಗಿದ್ದರೆ ಅದಕ್ಕೆ ಬಣ್ಣವಿದೆ, ಪೂರ್ತಿ ಕೆಂಪಾದದ್ದು ಪೂರ್ತಿ ಹಸಿರಾಗಿರಲಾರದು, 'ಯಾಕೆ ಹಾಗಂದೆ' ಎಂದು ಕೇಳಿದರೆ ಉತ್ತರಿಸಬೇಕು ಎಂಬ ಯಾವುದೂ ಅದಕ್ಕೆ ದಕ್ಕಿಲ್ಲ. ಒಂದು ಪದದ ಅರ್ಥ ತಿಳಿಯುವುದೆಂದರೆ ಅದರಿಂದ ಏನೇನು ಹೊರಡುತ್ತದೆ, ಯಾವುದು ಅದಕ್ಕೆ ಅಡ್ಡಬರುತ್ತದೆ ಎಂದು ತಿಳಿದಿರುವುದು. ಮಾತಾಡುವುದು ಸಾಲ ಬರೆದುಕೊಟ್ಟಂತೆ. ಕೇಳಿದವರು ಲೆಕ್ಕ ಇಟ್ಟುಕೊಳ್ಳುತ್ತಾರೆ, ಆಡಿದವರು ತೀರಿಸಬೇಕು.

ತೀರ್ಮಾನಿಸಿದವನು ಉತ್ತರ ಹೇಳಬೇಕೆಂಬ ಕಾಂಟ್‌ನ 'ಹೊಣೆ'ಗೆ ಹೆಗೆಲ್ ಜೋಡಿಸಿದ್ದು ಈ ಲೆಕ್ಕದ ಪುಸ್ತಕವನ್ನು ಇಟ್ಟುಕೊಳ್ಳುವ ಇತರರನ್ನು. ಒಬ್ಬಂಟಿಯಾಗಿ ಯಾರೂ ಹೊಣೆಗಾರರಾಗಲಾರರು. ಒಡೆಯ ಮತ್ತು ಆಳಿನ ಬಗ್ಗೆ ಹೆಗೆಲ್ ಬರೆದ ಪ್ರಸಿದ್ಧ ಪುಟಗಳ ತಿರುಳೂ ಇದೇ. ಆಳಿನಿಂದ ಒಡೆಯ ಮನ್ನಣೆ ಬಯಸುತ್ತಾನೆ, ಆದರೆ ಆಳಿಗೆ ತಾನು ಮನ್ನಣೆ ಕೊಡುವುದಿಲ್ಲ. ಹಾಗಾಗಿ ತನಗೆ ಸಿಕ್ಕ ಮನ್ನಣೆಗೆ ಅವನೇ ಬೆಲೆ ಇಲ್ಲದಂತೆ ಮಾಡಿಕೊಳ್ಳುತ್ತಾನೆ.

ಮನುಷ್ಯರ ಭಾಷೆಯಲ್ಲಿ ಸರಾಗವಾಗಿ ಉತ್ತರಿಸುವ ಯಂತ್ರಗಳು ಇಂದು ಎಲ್ಲರ ಮೊಬೈಲಿನಲ್ಲಿವೆ. ಅವು ಗಿಳಿಯಂತೆ ಒಂದೇ ವಾಕ್ಯಕ್ಕೆ ನಿಲ್ಲದೆ ಕಾರಣವನ್ನೂ ಕೊಡುತ್ತವೆ, ತಿದ್ದಿದರೆ ತಿದ್ದಿಕೊಳ್ಳುತ್ತವೆ. ಆಡಿದ ಮಾತಿಗೆ ಹೊಣೆ ಹೊರುವುದು ಎಂದರೇನು, ಹೊರುವಂತೆ ಕಾಣುವುದಕ್ಕೂ ಹೊರುವುದಕ್ಕೂ ಏನು ಅಂತರ ಎಂಬ ಪ್ರಶ್ನೆ ಹೀಗೆ ಗ್ರಂಥಾಲಯದಿಂದ ಬೀದಿಗೆ ಬಂದಿದೆ. ಅದನ್ನು ಬಿಡಿಸಲು ಬೇಕಾದ ಪದಗಳು ಸಿಗುವುದು ಈ ಪರಂಪರೆಯಲ್ಲಿ.

ಸಕ್ಕರೆಯ ಜಾಡು

ವಿಶ್ಲೇಷಣಾತ್ಮಕ ತತ್ತ್ವಶಾಸ್ತ್ರಕ್ಕೆ ಮರಳಿದ್ದು ಹೆಗೆಲ್ ಒಬ್ಬನೇ ಅಲ್ಲ, ಫಿಖ್ಟೆ ಕೂಡ ಬೇರೆ ಬಾಗಿಲಿನಿಂದ ಒಳಬಂದ. ಯೇನಾದಲ್ಲಿ ಪಾಠ ಮಾಡುವಾಗ ಆತ ವಿದ್ಯಾರ್ಥಿಗಳಿಗೆ ಎದುರಿನ ಗೋಡೆಯ ಬಗ್ಗೆ ಯೋಚಿಸಿ ಎನ್ನುತ್ತಿದ್ದ. ಆಮೇಲೆ, ಗೋಡೆಯ ಬಗ್ಗೆ ಯೋಚಿಸಿದವರು ಯಾರೋ ಅವರ ಬಗ್ಗೆ ಯೋಚಿಸಿ ಎನ್ನುತ್ತಿದ್ದ. ಕೇಳುಗನಾಗಿದ್ದ ಹೆನ್ರಿಕ್ ಸ್ಟೆಫೆನ್ಸ್ ದಾಖಲಿಸಿದಂತೆ, ಅನೇಕರು ಅಲ್ಲೇ ಗಲಿಬಿಲಿಗೊಳ್ಳುತ್ತಿದ್ದರು. 'ನಾನು' ಎಂಬುದನ್ನು ಗೋಡೆಯಂತೆ ಒಂದು ವಸ್ತುವಾಗಿ ಎದುರಿಗಿಟ್ಟು ಗುರುತಿಸಲಾಗದು ಎಂಬುದೇ ಫಿಖ್ಟೆಯ ಪಾಠ. ಏಕೆಂದರೆ ಆ ವಸ್ತು ನಾನೇ ಎಂದು ತಿಳಿಯಲು 'ನಾನು' ಮೊದಲೇ ಗೊತ್ತಿರಬೇಕು.

ಇನ್ನೊಂದು ದೃಶ್ಯ 1979ರ ಅಮೆರಿಕದ್ದು. ತತ್ತ್ವಜ್ಞ ಜಾನ್ ಪೆರಿ ತಮ್ಮ ಲೇಖನವೊಂದರ ಆರಂಭದಲ್ಲಿ ಸೂಪರ್ ಮಾರ್ಕೆಟ್ಟಿನ ಪ್ರಸಂಗ ಹೇಳುತ್ತಾರೆ. ನೆಲದ ಮೇಲೆ ಸಕ್ಕರೆ ಚೆಲ್ಲಿದ ಜಾಡು. ಯಾರದೋ ಚೀಲ ಹರಿದಿದೆ, ಅವರಿಗೆ ಹೇಳೋಣವೆಂದು ಗಾಡಿ ತಳ್ಳುತ್ತ ಸಾಲು ಸಾಲು ಸುತ್ತುತ್ತಾರೆ. ಸುತ್ತಿದಷ್ಟೂ ಜಾಡು ದಪ್ಪವಾಗುತ್ತದೆ. ಕೊನೆಗೆ ಹೊಳೆಯುತ್ತದೆ, ಚೀಲ ತನ್ನದೇ. 'ಹರಿದ ಚೀಲದ ಗಿರಾಕಿ ಸಕ್ಕರೆ ಚೆಲ್ಲುತ್ತಿದ್ದಾನೆ' ಎಂಬುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗಾಡಿ ನಿಲ್ಲಿಸಿ ಚೀಲ ಸರಿಪಡಿಸುವಂತೆ ಮಾಡಿದ್ದು 'ನಾನು' ಎಂಬ ಪದ ಮಾತ್ರ. ಅದರ ಜಾಗದಲ್ಲಿ ಹೆಸರನ್ನೋ ವರ್ಣನೆಯನ್ನೋ ಇಟ್ಟರೆ ಆ ತಿಳಿವಳಿಕೆ ಜಾರಿಹೋಗುತ್ತದೆ. ಪೆರಿ ತರ್ಕದ ದಾರಿಯಲ್ಲಿ ಹುಡುಕುತ್ತಿದ್ದುದನ್ನು ಜರ್ಮನಿಯಲ್ಲಿ ಡೀಟರ್ ಹೆನ್ರಿಕ್ 1966ರಲ್ಲಿಯೇ ಫಿಖ್ಟೆಯ ಮೂಲ ಒಳನೋಟ ಎಂದು ಬಿಡಿಸಿಟ್ಟಿದ್ದರು.

ಹಿಂದಿನ ತೀರ್ಪು, ಮುಂದಿನ ನ್ಯಾಯಾಧೀಶ

ಇತಿಹಾಸ ವಿಚಾರದ ಒಳಗೇ ಇದೆ ಎಂಬುದು ಹೆಗೆಲ್‌ನ ಅತಿ ಕಷ್ಟದ ಮಾತು. ಅದನ್ನು ಬಿಡಿಸಲು ಬ್ರ್ಯಾಂಡಮ್ ನ್ಯಾಯಾಲಯದತ್ತ ಕೈ ತೋರಿಸುತ್ತಾರೆ. ಪೂರ್ವನಿದರ್ಶನಗಳ ಆಧಾರದ ಮೇಲೆ ತೀರ್ಪು ಕೊಡುವ ನ್ಯಾಯಾಧೀಶರು ಹಿಂದಿನ ತೀರ್ಪುಗಳಿಗೆ ಬದ್ಧರು. ಆದರೆ ಯಾವ ತೀರ್ಪು ಮುಖ್ಯ, ಅದರ ತಿರುಳೇನು ಎಂದು ಆರಿಸುವವರೂ ಅವರೇ. ಅವರ ಆಯ್ಕೆ ಸರಿಯೇ ಎಂದು ತೂಗುವವರು ಮುಂದಿನ ನ್ಯಾಯಾಧೀಶರು.

ಕನ್ನಡ ಓದುಗರಿಗೆ ಇದಕ್ಕೆ ಹತ್ತಿರದ ಉದಾಹರಣೆಯಿದೆ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಸಂವಿಧಾನದಲ್ಲಿ ಆ ಪದವಿಲ್ಲ. 1954ರ ಮತ್ತು 1962ರ ಎರಡು ತೀರ್ಪುಗಳು ಅದಕ್ಕೆ ಅಡ್ಡ ಬರುತ್ತಿದ್ದವು. ಪೀಠ ಅವುಗಳ ಆ ಭಾಗವನ್ನು ತಳ್ಳಿಹಾಕಿ, 1962ರ ಖರಕ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಬರೆದಿದ್ದ ಭಿನ್ನಮತವನ್ನು ಎತ್ತಿ ಹಿಡಿಯಿತು. ಅಂದು ಸೋತ ಮಾತು ಪರಂಪರೆಯ ನಡುಕಂಬವಾಯಿತು. ಈ ಹಕ್ಕನ್ನು 2017ರಲ್ಲಿ ಕಂಡುಹಿಡಿದದ್ದೋ, ಹೊಸದಾಗಿ ಮಾಡಿದ್ದೋ? ಎರಡೂ ಹೌದು ಎನ್ನಲು ಬೇಕಾದ ತರ್ಕ ಯಾವುದು ಎಂಬುದನ್ನೇ ಬ್ರ್ಯಾಂಡಮ್ 2019ರಲ್ಲಿ ಹೆಗೆಲ್ ಕುರಿತು ಹೊರತಂದ 'ಎ ಸ್ಪಿರಿಟ್ ಆಫ್ ಟ್ರಸ್ಟ್' ಎಂಬ ಬೃಹತ್ ಗ್ರಂಥದಲ್ಲಿ ಬೆಳೆಸಿದ್ದಾರೆ.

ಎಲ್ಲರೂ ಇದನ್ನು ಒಪ್ಪಿದ್ದಾರೆಂದಲ್ಲ. ಪಿಟ್ಸ್‌ಬರ್ಗಿನ ಹೆಗೆಲ್ ತೀರಾ ಸಾಧುವಾಗಿದ್ದಾನೆ, ಸತ್ತೆಯ ಸ್ವರೂಪವನ್ನೇ ಹೇಳಹೊರಟ ಅಸಲಿ ಹೆಗೆಲ್‌ನನ್ನು ಸವರಿ ಭಾಷಾತತ್ತ್ವಜ್ಞನನ್ನಾಗಿ ಮಾಡಲಾಗಿದೆ ಎಂಬ ಆಕ್ಷೇಪ ಗಟ್ಟಿಯಾಗಿದೆ. ಹೆಗೆಲ್‌ನ ತರ್ಕಶಾಸ್ತ್ರ ಮೊದಲಿನಿಂದ ಕೊನೆಯವರೆಗೆ ಇರವಿನ ಶಾಸ್ತ್ರವೇ ಎಂದು ಸ್ಟೀಫನ್ ಹೌಲ್‌ಗೇಟ್ ಅವರಂಥ ವಿದ್ವಾಂಸರು ವಾದಿಸುತ್ತಾರೆ. ಇತ್ತ ವಿಶ್ಲೇಷಣಾತ್ಮಕ ಪಾಳೆಯದಲ್ಲೇ ಇರವಿನ ಹಳೆಯ ಪ್ರಶ್ನೆಗಳೂ ತಲೆಯೆತ್ತಿವೆ. ಅಖಂಡವೇ ಮೊದಲು, ಬಿಡಿಗಳು ಆಮೇಲೆ ಎಂಬ ಏಕತತ್ತ್ವವಾದವನ್ನು ಜೊನಾಥನ್ ಶಾಫರ್ 2010ರಲ್ಲಿ ಹೊಸ ಸಾಧನಗಳಿಂದ ಕಟ್ಟಿ ನಿಲ್ಲಿಸಿದರು. ಕೆಲವು ವಿರೋಧಾಭಾಸಗಳು ನಿಜಕ್ಕೂ ಸತ್ಯ ಎನ್ನುವ ತರ್ಕಶಾಸ್ತ್ರಜ್ಞ ಗ್ರಹಾಂ ಪ್ರೀಸ್ಟ್ ತಮ್ಮ ಪೂರ್ವಿಕರ ಸಾಲಿನಲ್ಲಿ ಹೆಗೆಲ್‌ನನ್ನು ಎಣಿಸುತ್ತಾರೆ.

ಭಾರತದಿಂದ ಏಳುವ ಆಕ್ಷೇಪ ಇನ್ನೊಂದು. ವಿಲ್ಹೆಲ್ಮ್ ಫಾನ್ ಹುಂಬೋಲ್ಟ್ ಭಗವದ್ಗೀತೆಯ ಬಗ್ಗೆ ಮಾಡಿದ ಉಪನ್ಯಾಸಗಳನ್ನು 1827ರಲ್ಲಿ ವಿಮರ್ಶಿಸಿದ ಹೆಗೆಲ್, ಭಾರತೀಯ ಚಿಂತನೆಯನ್ನು ಕೆಳಗಿನ ಮೆಟ್ಟಿಲಲ್ಲೇ ಇಟ್ಟ. ವಿಚಾರದ ಪಯಣ ಯುರೋಪಿನಲ್ಲಿ ಪೂರ್ಣಗೊಳ್ಳುತ್ತದೆ ಎಂಬ ಅವನ ನಂಬಿಕೆ ಅನ್ಯಾಯದ್ದು. ಅದನ್ನು ಮುಚ್ಚಿಟ್ಟು ಅವನನ್ನು ಓದುವುದು ಸರಿಯಲ್ಲ. ಅವನ ತೀರ್ಪೂ ಮುಂದಿನವರ ಪೀಠದ ಮುಂದೆ ಬರಲೇಬೇಕಾದ ತೀರ್ಪು.

ಪಿಟ್ಸ್‌ಬರ್ಗಿನ ತತ್ತ್ವಶಾಸ್ತ್ರ ವಿಭಾಗ ಇರುವುದು 'ಕೆಥೀಡ್ರಲ್ ಆಫ್ ಲರ್ನಿಂಗ್' ಎಂಬ 42 ಅಂತಸ್ತಿನ ಕಲ್ಲಿನ ಕಟ್ಟಡದ ಹತ್ತನೇ ಮಹಡಿಯಲ್ಲಿ. ಅದೇ ಕಟ್ಟಡದ ಕೆಳಗಿನ ಮಹಡಿಗಳಲ್ಲಿ ನಾನಾ ದೇಶಗಳ ಹೆಸರಿನ ತರಗತಿ ಕೋಣೆಗಳಿವೆ. ಜರ್ಮನ್ ಕೋಣೆಗೆ ಮಾದರಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಹಳೆಯ ಸಭಾಂಗಣ. 1816ರಿಂದ ಎರಡು ವರ್ಷ ಹೆಗೆಲ್ ಪಾಠ ಮಾಡಿದ್ದು ಅದೇ ವಿಶ್ವವಿದ್ಯಾಲಯದಲ್ಲಿ. ಭಾರತದ ಕೋಣೆಯನ್ನು ಕಟ್ಟಿರುವುದು ನಾಲಂದಾದ ಅಂಗಳದ ಮಾದರಿಯಲ್ಲಿ. ದಿಙ್ನಾಗನ ವಿಚಾರಗಳು ಭಿಕ್ಷುಗಳ ನಡುವೆ ಚರ್ಚೆಯಾದದ್ದು ಅಂಥ ಅಂಗಳಗಳಲ್ಲೇ. ಕಲ್ಪನೆ ಸೋಂಕದ ನೋಟ ಇದೆಯೇ ಇಲ್ಲವೇ ಎಂಬ ವಾದ ಆ ಕಟ್ಟಡದಲ್ಲಿ ಇನ್ನೂ ಮುಗಿದಿಲ್ಲ.